ಕೌದಿ ಹೊಲಿಯುವ ತಾಸಿನಲ್ಲಿ ಹೇಳಿದ ಪಾಠ

ಈ ಪಾಠ ನಮ್ಮ ಶಾಲೆಯಲ್ಲಿ ಎಂದಿಗೂ ಆಗುವುದಿಲ್ಲ ಎಂದು ಮೊದಲು ಹೇಳಿದವರು ಹೆಡ್‌ಮಾಸ್ತರು. ಸಿಟ್ಟಿನಿಂದಲ್ಲ. ಚಹಾದ ಬಶಿ ಕೆಳಗಿಟ್ಟು, ಧೋತರದ ಚುಂಗಿನಿಂದ ಕನ್ನಡಕ ಒರೆಸಿಕೊಳ್ಳುತ್ತ, ನನ್ನ ಒಳ್ಳೆಯದಕ್ಕೇ ಎಂಬಂತೆ ಹೇಳಿದರು.

"ಅಕ್ಕೋರ, ನೀವು ಹೊಸಬರು. ಜೀವಶಾಸ್ತ್ರದ ಕಡೀ ಪಾಠ ಇಲ್ಲಿ ಯಾರೂ ಕಲಿಸಿಲ್ಲ. ಹೂವಿಂದು ಹೇಳ್ರಿ, ಕಪ್ಪಿದು ಹೇಳ್ರಿ. ಮನುಷ್ಯಾಂದು ಮನ್ಯಾಗ ಓದ್ಕೋರಿ ಅಂದು ಮುಂದ ನಡೀರಿ."

"ಮನ್ಯಾಗ ಯಾರು ಹೇಳತಾರ್ರಿ ಸರ?"

"ಯಾರೂ ಹೇಳೂದಿಲ್ಲ. ಆದ್ರೂ ಜಗತ್ತು ನಡದೈತಲ್ಲ."

ಎರಡನೆಯವಳು ನಮ್ಮವ್ವ. ಸೂಟಿಗೆ ಸಿಂದಗಿ ಕಡೆಯ ನಮ್ಮೂರಿಗೆ ಹೋದಾಗ ವಿಷಯ ತೆಗೆದೆ. ಅವಳು ರೊಟ್ಟಿ ಬಡಿಯುವ ಕೈ ನಿಲ್ಲಿಸಲೂ ಇಲ್ಲ. "ಲಗ್ನಾಗದ ಹುಡುಗಿ ನೀನು. ಮಂದಿ ಹುಡುಗ್ಯಾರಿಗೆ ಅದನ್ನೆಲ್ಲಾ ಹೇಳಕೋತ ಕುಂತ್ರ ನಾಳೆ ನಿನ್ನ ಯಾರು ಕೇಳತಾರ?" ಅಂದಳು.

ಎಪ್ಪತ್ತರ ದಶಕದ ನಡುಗಾಲ ಅದು. ಮುದ್ದೇಬಿಹಾಳ ತಾಲೂಕಿನ ಒಂದು ದೊಡ್ಡ ಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಮಾಡಿದ ಮೊದಲನೆಯವಳು ನಾನು. ಹೆಸರಿನ ಮುಂದೆ ಬಿ.ಎಸ್‌ಸಿ., ಬಿ.ಎಡ್. ಎಂದು ಬರೆಯುವಾಗ ಆ ಅಕ್ಷರಗಳನ್ನು ಸ್ವಲ್ಪ ದೊಡ್ಡದಾಗಿಯೇ ಬರೆಯುತ್ತಿದ್ದೆ. ಅದನ್ನು ಹೇಳಿಕೊಳ್ಳಲಿಕ್ಕೆ ನನಗೆ ಈಗಲೂ ನಾಚಿಕೆ ಇಲ್ಲ. ಪುಸ್ತಕದಲ್ಲಿದ್ದ ಪಾಠ ಬಿಟ್ಟು ಮುಂದೆ ನಡೆಯಲಿಕ್ಕೆ ನಾನು ಅಷ್ಟು ಕಷ್ಟಪಟ್ಟು ಓದಿರಲಿಲ್ಲ ಎಂಬ ಹಟ ಇತ್ತು.

ಹಟಕ್ಕಿಂತ ದೊಡ್ಡ ಕಾರಣ ನಮ್ಮ ಬೆಂಚುಗಳು. ಎಂಟನೇ ಇಯತ್ತೆಯಲ್ಲಿ ಹುಡುಗಿಯರು ಎರಡು ಬೆಂಚು ತುಂಬ ಇರುತ್ತಿದ್ದರು. ಒಂಬತ್ತಕ್ಕೆ ಬರುವಷ್ಟರಲ್ಲಿ ಒಂದು ಬೆಂಚು ಖಾಲಿ. ಹತ್ತನೆಯದರಲ್ಲಿ ಆ ವರ್ಷ ಉಳಿದವಳು ಒಬ್ಬಳೇ. ಹುಡುಗಿ ದೊಡ್ಡಾಕಿ ಆದಳು ಅಂದರೆ ಮಖರದಲ್ಲಿ ಕೂಡಿಸಿ ಆರತಿ ಬೆಳಗುವುದು, ಆಮೇಲೆ ಶಾಲೆ ಬಿಡಿಸುವುದು, ಬೇಸಿಗೆಗೆ ಲಗ್ನ. ಊರಿನ ರೂಢಿ ಅದು. ಆ ಒಬ್ಬಳು ಉಳಿದದ್ದೂ ರೂಢಿಯ ಪ್ರಕಾರವೇ: ಅವಳಿನ್ನೂ ಮೈನೆರೆದಿಲ್ಲ ಎಂದು ಮನೆಯವರು ತಿಳಿದಿದ್ದರು. ತೆಳ್ಳಗಿನ ಹುಡುಗಿ, ಮಾತು ಕಡಿಮೆ, ಗಣಿತದಲ್ಲಿ ಗಂಡುಹುಡುಗರಿಗಿಂತ ಮುಂದೆ. ಮುಂದೇನು ಮಾಡುತ್ತಿ ಎಂದು ಕೇಳಿದರೆ, "ನಿಮ್ಮಂಗ ಸಾಲಿ ಕಲಸ್ತೇನ್ರಿ" ಎನ್ನುತ್ತಿದ್ದಳು.

ದೀಪಾವಳಿ ಸೂಟಿ ಮುಗಿದ ಮೇಲೆ ಒಂದು ಶನಿವಾರ, ಮುಂಜಾನೆಯ ಶಾಲೆ ಬಿಟ್ಟ ನಂತರ, ಮೂರೂ ಇಯತ್ತೆಯ ಹುಡುಗಿಯರನ್ನು ಪ್ರಯೋಗದ ಕೋಣೆಯಲ್ಲಿ ಕೂಡಿಸಿದೆ. ಹಲಗೆಯ ಮೇಲೆ ಗರ್ಭಕೋಶದ ಚಿತ್ರ ಬರೆದೆ. ನನಗೆ ಚಿತ್ರ ಚೆನ್ನಾಗಿ ಬರುತ್ತದೆ, ಅವತ್ತೂ ಚೆನ್ನಾಗಿಯೇ ಬಂದಿತ್ತು. ತಿರುಗಿ ನೋಡಿದರೆ ಒಬ್ಬಳೂ ತಲೆ ಎತ್ತಿಲ್ಲ. ಒಬ್ಬಳು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು, ಅವಳ ಪಕ್ಕದವಳು ಅಳುತ್ತಿದ್ದಳು. ಕೋಲಿನಿಂದ ತೋರಿಸುತ್ತ ಒಂದು ತಾಸು ಹೇಳಿದೆ. ಏನಾದರೂ ಕೇಳುವುದಿದೆಯೇ ಎಂದೆ. ಕಿಟಕಿಯ ಹೊರಗೆ ಗಂಡುಹುಡುಗರು ಕೆಮ್ಮಿದ ಸದ್ದಾಯಿತು. ಅಲ್ಲಿಗೆ ಮುಗಿಯಿತು.

ದಾರಿ ಸಿಕ್ಕಿದ್ದು ಕೈಗೆಲಸದ ತಾಸಿನಲ್ಲಿ. ವಾರಕ್ಕೊಮ್ಮೆ ಹುಡುಗಿಯರಿಗೆ ಹೊಲಿಗೆ ಹೇಳಿಕೊಡುವುದೂ ನನ್ನ ಕೊರಳಿಗೆ ಬಿದ್ದಿತ್ತು. ಮನೆಯಿಂದ ಹಳೇ ಸೀರೆ, ಧೋತರದ ತುಂಡು ತರಿಸಿ, ಪದರು ಹಾಸಿ, ಸುತ್ತಲೂ ಕೂತು ಕೌದಿ ಹೊಲಿಯುತ್ತಿದ್ದೆವು. ನಮ್ಮ ಕಡೆ ಹೆಣ್ಣುಮಕ್ಕಳು ಮನಸ್ಸಿನ ಮಾತಾಡುವುದು ಕೌದಿಯ ಸುತ್ತಲೇ. ಎಲ್ಲರ ಕಣ್ಣು ಸೂಜಿಯ ಮೇಲಿರುತ್ತದೆ, ಯಾರೂ ಯಾರ ಮುಖ ನೋಡುವುದಿಲ್ಲ. ಹಲಗೆಯ ಮುಂದೆ ಬಾಯಿ ಬಿಡದವರು ಅಲ್ಲಿ ಎರಡನೇ ವಾರಕ್ಕೇ ಶುರು ಮಾಡಿದರು.

"ಅಕ್ಕೋರ, ಕಾಗಿ ಮುಟ್ಟೈತಿ ಅಂತಾರಲ್ರಿ. ಖರೇನ ಕಾಗಿ ಮುಟ್ಟತೈತೇನ್ರಿ?"

"ಮುಟ್ಟಿದ್ರ ಗಂಡಸೂರನ್ನೂ ಮುಟ್ಟಬೇಕಲ್ಲ. ಹೊಲದಾಗ ಇಡೀ ದಿನ ಇರವ್ರು ಅವರ," ಎಂದು ಮತ್ತೊಬ್ಬಳು ನನಗಿಂತ ಮೊದಲೇ ಉತ್ತರ ಕೊಟ್ಟಳು.

ಎಲ್ಲರೂ ನಕ್ಕರು. ನಗು ಬಂದ ಮೇಲೆ ಪಾಠ ಹಗುರಾಯಿತು. ಮುಂದಿದ್ದ ಕೌದಿಯನ್ನೇ ತೋರಿಸಿ ಹೇಳಿದೆ: ತಿಂಗಳಿಗೊಮ್ಮೆ ಒಳಗೆ ಕೂಸಿಗೆಂದು ಹೀಗೆ ಮೆತ್ತಗೆ ಪದರು ಹಾಸುತ್ತದೆ, ಕೂಸು ಬರಲಿಲ್ಲ ಅಂದರೆ ಆ ಹಾಸಿಗೆ ತೆಗೆದು ಹಾಕುತ್ತದೆ, ಹೊರಬೀಳುವ ರಕ್ತ ಅದೇ. ಕೆಟ್ಟ ರಕ್ತ ಅಲ್ಲ. ಬಟ್ಟೆಯನ್ನು ಸಾಬೂನು ಹಚ್ಚಿ ಒಗೆದು ಬಿಸಿಲಿಗೆ ಹಾಕಬೇಕು ಎಂದೆ. ಹುಡುಗನೋ ಹುಡುಗಿಯೋ ಎನ್ನುವುದು ಯಾರಿಂದ ಬರುತ್ತದೆ ಎಂದು ಒಬ್ಬಳು ಕೇಳಿದಳು. ಗಂಡನ ಕಡೆಯಿಂದ ಎಂದಾಗ ಸೂಜಿಗಳೆಲ್ಲ ಒಂದು ಗಳಿಗೆ ನಿಂತವು. "ಹಂಗಾರ ನಮ್ಮಪ್ಪ ನಮ್ಮವ್ವಗ ಸುಮ್‌ಸುಮ್ಕ ಬೈತಾನ" ಎಂದು ಆ ಹುಡುಗಿ ತನ್ನಷ್ಟಕ್ಕೆ ಅಂದುಕೊಂಡಳು.

ಹತ್ತನೆಯ ಇಯತ್ತೆಯ ಹುಡುಗಿ ಮಾತ್ರ ಏನೂ ಕೇಳಲಿಲ್ಲ. ನನ್ನ ಎದುರಿಗೇ ಕೂತು, ಒತ್ತೊತ್ತಾಗಿ ಹೊಲಿಗೆ ಹಾಕುತ್ತಿದ್ದಳು.

ಮೈಲಿಗೆಯ ಮಾತು ಮುಂದಿನ ವಾರಕ್ಕೆ ಇಟ್ಟುಕೊಂಡಿದ್ದೆ. ಮುಟ್ಟಾದವಳು ಮುಟ್ಟಿದರೆ ಗಿಡ ಒಣಗುತ್ತದೆ, ಹಾಲು ಒಡೆಯುತ್ತದೆ, ಕೂಸಿಗೆ ಕೇಡು ಎನ್ನುತ್ತಾರಲ್ಲ, ಆ ವಿಷಯ. ಸೂತಕವಿಲ್ಲ ಎಂದು ಶರಣರು ಹೇಳಿದ ನೆಲ ಇದು. ದಿನಾ ವಚನ ಹೇಳುವ ಮನೆಗಳಲ್ಲೂ ಹೆಣ್ಣುಮಕ್ಕಳು ಮೂರು ದಿನ ಹೊರಗೆ ಕೂಡುತ್ತಿದ್ದರು. ನನ್ನೊಬ್ಬಳ ಮಾತಿಗೆ ತೂಕ ಸಾಲದು, ದವಾಖಾನೆಯವರ ಬಾಯಿಂದ ಬಂದರೆ ನಂಬುತ್ತಾರೆ ಎಂದು ಸರಕಾರಿ ದವಾಖಾನೆಯ ನರ್ಸಬಾಯಿಯನ್ನು ಕರೆದೆ. ಆಕೆ ಬಿಳಿ ಸೀರೆ ಉಟ್ಟು, ಚರ್ಮದ ಚೀಲ ಹಿಡಿದು, ನಡುಹಗಲಿಗೆ ಬಸ್ಸಿನಿಂದ ಇಳಿದು ಊರಬಾಗಿಲ ಅಗಸಿಯಿಂದ ಶಾಲೆಯ ತನಕ ನಡೆದು ಬಂದಳು. ಮಕ್ಕಳಾಗದ ಆಪರೇಶನ್ನಿನ ಗದ್ದಲ ಎದ್ದಿದ್ದ ಕಾಲ. ಊರೂರಿಗೆ ಜೀಪು ಬಂದು ಗಂಡಸರನ್ನು ಕರೆದೊಯ್ಯುತ್ತಾರೆ ಎಂಬ ಸುದ್ದಿಗೆ ಜನ ಹೊಲದಲ್ಲಿ ಮಲಗುತ್ತಿದ್ದರು. ನರ್ಸಬಾಯಿ ಕೋಣೆಯ ಬಾಗಿಲು ದಾಟುವ ಮೊದಲೇ ಸುದ್ದಿ ಓಡಿತ್ತು: ಹೈಸ್ಕೂಲಿನಲ್ಲಿ ಹುಡುಗಿಯರಿಗೆ ಮಕ್ಕಳಾಗದ ಸೂಜಿ ಚುಚ್ಚುತ್ತಾರೆ.

ಸ್ವಲ್ಪ ಹೊತ್ತಿನಲ್ಲೇ ಕಂಪೌಂಡಿನ ತುಂಬ ಜನ. ಒಬ್ಬ ತಂದೆ ಕುಡುಗೋಲು ಕೈಯಲ್ಲೇ ಹಿಡಿದು ಹೊಲದಿಂದ ಬಂದಿದ್ದ. ತಾಯಂದಿರು ಮಕ್ಕಳ ತೋಳು ಹಿಡಿದು ಸೂಜಿಯ ಗುರುತು ಹುಡುಕುತ್ತಿದ್ದರು. ಕೈಯಲ್ಲಿದ್ದದ್ದು ಕೌದಿಯ ಸೂಜಿ ಎಂದರೆ ಕೇಳುವವರಾರು? ಹೆಡ್‌ಮಾಸ್ತರು ಕಟ್ಟೆಯ ಮೇಲೆ ನಿಂತು, ಇನ್ನು ಮುಂದೆ ಈ ಪಾಠವೂ ಇಲ್ಲ ಹೊಲಿಗೆಯೂ ಇಲ್ಲ ಎಂದು ಎಲ್ಲರೆದುರು ಮಾತು ಕೊಟ್ಟರು. ಜನ ಹೋದ ಮೇಲೆ ನನ್ನ ಕಡೆ ನೋಡಲಿಲ್ಲ. "ನಾ ಅಂದಿದ್ದೆ" ಎಂದಷ್ಟೇ ಅಂದರು. ಮುಂದಿನ ವಾರ ಒಂಬತ್ತನೆಯ ಇಯತ್ತೆಯ ಆ ಒಂದು ಬೆಂಚೂ ಖಾಲಿಯಾಯಿತು.

ಹತ್ತನೆಯವಳು ಬರುತ್ತಿದ್ದಳು. ಸಂಕ್ರಾಂತಿ ಕಳೆದ ಮೇಲೆ ಅವಳೂ ನಿಂತಳು. ಜಡ್ಡಾಗಿರಬೇಕು ಎಂದು ಮೊದಲು ಬಿಟ್ಟೆ. ಪರೀಕ್ಷೆಯ ಅರ್ಜಿ ಮೊದಲೇ ಹೋಗಿತ್ತು, ಓದುವ ದಿನಗಳು ಹೋಗುತ್ತಿದ್ದವು. ಒಂದು ಸಂಜೆ ಅವಳ ಮನೆಗೆ ಹೋದೆ.

ಕುರಿ, ಹೊಲ ಎರಡೂ ಇದ್ದ ಮನೆ. ಪಡಸಾಲೆಯಲ್ಲಿ ಅವಳ ಆಯಿ, ಅಂದರೆ ತಂದೆಯ ತಾಯಿ, ಗೋಡೆಗೆ ಆತು ಕೂತಿದ್ದಳು. ತಂದೆ ಹಗ್ಗ ಹೊಸೆಯುತ್ತಿದ್ದ, ಏಳಲಿಲ್ಲ. ತೊಟ್ಟಿಲ ಹಗ್ಗ ತೊಲೆಗೆ ಹಾಗೇ ಜೋತುಬಿದ್ದಿತ್ತು, ತೊಟ್ಟಿಲು ಇರಲಿಲ್ಲ.

"ಕೂಸು ಹೋತ್ರಿ," ಅಂದಳು ಆಯಿ. "ಮಮ್ಮಗನ ಕೂಸು, ಇಕಿ ಅಣ್ಣಂದು. ವಾಂತಿ ಭೇದಿ ಹತ್ತಿ ಹೋತು. ಎತ್ತಿ ಆಡಿಸಿದಾಕಿ ಇಕಿ. ನಿಮ್ಮ ಸಾಲಿ ಸಲುವಾಗಿ ವರ್ಷದ ಮ್ಯಾಲೆ ಮುಚ್ಚಿಟ್ಟಾಳ. ಕಡೀಗಾದ ಕೈಲೆ ಕೂಸಿನ್ನ ಹೊತ್ತಾಳ."

ಕಡೀಗಾಗುವುದು ಅಂದರೆ ನಮ್ಮ ಕಡೆ ಮುಟ್ಟಾಗಿ ಹೊರಗೆ ಕೂಡುವುದು. ಹುಡುಗಿ ಮೈನೆರೆದು ಒಂದು ವರ್ಷದ ಮೇಲಾಗಿತ್ತು. ಗೊತ್ತಾದರೆ ಶಾಲೆ ಬಿಡಿಸುತ್ತಾರೆ ಎಂದು ಯಾರಿಗೂ ಹೇಳಿರಲಿಲ್ಲ. ಬೆಳಗಿನ ಕತ್ತಲಲ್ಲಿ ಹಳ್ಳಕ್ಕೆ ಹೋಗಿ ಬಟ್ಟೆ ಒಗೆದು, ಜೋಳದ ಕಣಿಕೆಯ ಬಣವೆಯ ಸಂದಿಯಲ್ಲಿ ತುರುಕಿ ಒಣಗಿಸುತ್ತಿದ್ದಳು. ಅವಳನ್ನು ಯಾರೂ ಹಿಡಿದಿರಲಿಲ್ಲ. ಕೂಸನ್ನು ಮಣ್ಣು ಮಾಡಿ ಬಂದ ದಿನ ತಾನಾಗಿಯೇ ಪಡಸಾಲೆಯಲ್ಲಿ ನಿಂತು ಎಲ್ಲ ಹೇಳಿಬಿಟ್ಟಿದ್ದಳು.

ಅವಳನ್ನು ದನ ಕಟ್ಟುವ ಕಡೆ, ಮೂಲೆಯಲ್ಲಿ ಕೂಡಿಸಿದ್ದರು. ಆರತಿ ಇಲ್ಲ, ಉಡಿ ತುಂಬಲಿಲ್ಲ. ಹತ್ತಿರ ಹೋದರೆ ಹಿಂದೆ ಸರಿದಳು.

"ಅಕ್ಕೋರ, ಮುಟ್ಟಬ್ಯಾಡ್ರಿ. ನಾನ ಕೊಂದೇನಿ."

ಅವಳ ಹತ್ತಿರ ಎರಡು ಮಾತು ಹೇಳಿದೆ. ಅವಳು ಕೇಳಿಸಿಕೊಳ್ಳಲಿಲ್ಲ. ತಂದೆ ಹಗ್ಗ ಬಿಟ್ಟು ಎದ್ದ. "ಪರೀಕ್ಷಾ ಗಿರೀಕ್ಷಾ ಏನೂ ಇಲ್ರಿ. ಇಂಡಿ ಕಡೆ ಆಕಿ ಸೋದರಮಾವ ಅದಾನ, ಬ್ಯಾಸಗಿಗೆ ಕೊಡತೇವಿ. ನೀವಿನ್ನ ಬರಬ್ಯಾಡ್ರಿ."

ನನ್ನ ಬಾಡಿಗೆ ಖೋಲಿಗೆ ಬಂದೆ. ಹೇಳಬೇಕಾದ ಪಾಠ ನನ್ನ ಹತ್ತಿರ ಇತ್ತು, ಅವಳ ತನಕ ಮುಟ್ಟುವ ಮೊದಲೇ ಅದನ್ನು ನಿಲ್ಲಿಸಿದ್ದರು. ನಿಲ್ಲಿಸಿದವರನ್ನು ಬೈದರೆ ಏನೂ ಆಗುತ್ತಿರಲಿಲ್ಲ. ಅವತ್ತು ತೀರ್ಮಾನ ಮಾಡಿದೆ: ಹುಡುಗಿಯರಿಗಿಂತ ಮೊದಲು ಆಯಿಗೆ ಹೇಳಬೇಕು. ಪರೀಕ್ಷೆಯ ಹೆಸರು ಎತ್ತಬಾರದು, ಬಿ.ಎಸ್‌ಸಿ. ಅನ್ನುವುದನ್ನು ಹೊಸ್ತಿಲ ಹೊರಗೆ ಬಿಟ್ಟು ಹೋಗಬೇಕು.

ಶಾಲೆಯ ಅರ್ಧ ಹೊಲಿದ ಕೌದಿಯನ್ನು ಬಗಲಿಗೆ ಹಾಕಿಕೊಂಡು, ತಂದೆ ಹೊಲಕ್ಕೆ ಹೋದ ಹೊತ್ತು ನೋಡಿ ಆ ಮನೆಯ ಕಟ್ಟೆಗೆ ಹೋಗಿ ಕೂತೆ. ಆಯಿ ನೋಡಿದಳು, ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಸುಮ್ಮನೆ ಹೊಲಿಯತೊಡಗಿದೆ.

"ಹಡದಾಕಿ ಅಲ್ಲ, ತಾಳಿ ಕಟಗೊಂಡಾಕಿ ಅಲ್ಲ. ನನಗ ಕೂಸಿನ ಸುದ್ದಿ ಹೇಳಾಕ ಬಂದಿಯೇನ ತಂಗಿ?"

"ಹೇಳಾಕಲ್ಲ ಆಯಿ. ಹೊಲಿಯಾಕ ಬಂದೇನಿ."

ಸ್ವಲ್ಪ ಹೊತ್ತಿಗೆ ಅವಳು ಬಗ್ಗಿ ನೋಡಿದಳು. "ಇದೇನ ಹೊಲಿಗಿ? ಕೆಸರಾಗ ಎಮ್ಮಿ ನಡದಂಗೈತಿ. ಇದನ್ನ ಕಲಸಾಕ ನಿನಗ ಪಗಾರ ಕೊಡತಾರಲ್ಲ." ಸೂಜಿ ಕಸಿದುಕೊಂಡು ನನ್ನ ಹೊಲಿಗೆ ಬಿಚ್ಚಿ ತಾನೇ ಹಾಕಿದಳು.

ಹಾಗೆ ಹೋಗುತ್ತ ಬಂದೆ. ಮಾತು ತಾನಾಗಿ ಬಂತು. ಒಂದು ದಿನ ಕೇಳಿದಳು: "ನಿಮ್ಮವ್ವ ನಿನ್ನ ಹೆಂಗ ಬಿಟ್ಟಳು ಇಷ್ಟು ಓದಾಕ?"

"ನಾ ದೊಡ್ಡಾಕಿ ಆಗಿದ್ದನ್ನ ನಮ್ಮವ್ವ ಯಾರಿಗೂ ಹೇಳಲಿಲ್ಲರಿ. ಕಾಲೇಜಿಗೆ ಹೋಗುತನಕ."

ಆ ಮಾತನ್ನು ಅದಕ್ಕೂ ಮೊದಲು ಯಾರ ಮುಂದೂ ಆಡಿರಲಿಲ್ಲ. ಆಯಿ ಸೂಜಿಗೆ ದಾರ ಪೋಣಿಸುತ್ತ, "ಗಟ್ಟಿ ಹೆಂಗಸು" ಅಂದಳು.

ನರ್ಸಬಾಯಿಗೂ ಹೇಳಿ ಕಳಿಸಿದೆ. ಈ ಸಲ ಬಿಳಿ ಸೀರೆ ಬೇಡ, ಚೀಲ ಬೇಡ ಎಂದು. ಆಕೆ ಇಳಕಲ್ ಸೀರೆ ಉಟ್ಟು ಬೀಗತಿಯ ಹಾಗೆ ಬಂದು ಕೌದಿಯ ಇನ್ನೊಂದು ತುದಿ ಹಿಡಿದಳು. ಹಡೆಯುವುದು, ಬಾಣಂತನ, ಹೊಕ್ಕುಳಬಳ್ಳಿ ಕೊಯ್ಯುವ ಬ್ಲೇಡು ಎಲ್ಲ ಬಂತು. ಆಯಿ ಹಡೆದ ಮಕ್ಕಳಲ್ಲಿ ಅರ್ಧ ಮಣ್ಣು ಸೇರಿದ್ದವು. ನಾನು ಮೆಲ್ಲಗೆ ಕೇಳಿದೆ: "ಆವಾಗ ಮನ್ಯಾಗ ಕಡೀಗಾದಾವ್ರು ಯಾರರೆ ಮುಟ್ಟಿದ್ರೇನ ಆಯಿ?"

"ಯವ್ವಾ, ನಮ್ಮತ್ತಿ ಕಾಲದಾಗ? ನೆರಳು ಸೈತ ಬೀಳಗೊಡತಿರಲಿಲ್ಲ." ಅಂದವಳು ಅಲ್ಲಿಗೇ ನಿಂತಳು. ಸೂಜಿ ಬಟ್ಟೆಯಲ್ಲಿ ಹಾಗೇ ಸಿಕ್ಕಿತ್ತು. ತಾನು ಆಡಿದ ಮಾತು ತನಗೇ ಕೇಳಿಸಿದಂತೆ ಕಾಣಿಸಿತು.

ನರ್ಸಬಾಯಿ ಕೂಸಿನ ಜಡ್ಡಿನ ಬಗ್ಗೆ ಕೇಳಿದಳು. ನೀರು ಹಳ್ಳದ ಒರತೆಯದು. ಅದೇ ಒರತೆಯ ನೀರು ಕುಡಿದ ಬೇರೆ ಮನೆಗಳಲ್ಲೂ ಮಕ್ಕಳಿಗೆ ಭೇದಿ ಹತ್ತಿತ್ತು.

"ಜಡ್ಡ ನೀರಿನಿಂದ ಬಂದೈತ್ರಿ ಆಯಿ, ಕೈಯಿಂದಲ್ಲ. ಭೇದಿ ಹತ್ತಿದಾಗ ಕುದಿಸಿ ಆರಿಸಿದ ನೀರು ಕೊಡಕೋತ ಇರಬೇಕಿತ್ರಿ. ಕೊಟ್ಟಿದ್ರೇನು?" ಎಂದಳು ನರ್ಸಬಾಯಿ.

"ಕುಡಿದಷ್ಟೂ ಕಾರತಿತ್ತು. ನೀರು ಕೊಡಬ್ಯಾಡ್ರಿ ಅಂತ ನಾನ ಅಂದೆ. ಮಲಿ ಸೈತ ಕೊಡಗೊಡಲಿಲ್ಲ."

ನರ್ಸಬಾಯಿ ನನ್ನ ಕಡೆ ನೋಡಿದಳು. ನಮ್ಮಲ್ಲಿ ಎಲ್ಲ ಮನೆಯಲ್ಲೂ ಹಾಗೇ ಮಾಡುತ್ತಿದ್ದರು, ನಮ್ಮವ್ವನೂ ಮಾಡುತ್ತಿದ್ದಳು. ಇಬ್ಬರೂ ದಾರ ಎಳೆದೆವು. ಆಯಿ, ಯಾರಿಗೂ ಅಲ್ಲದಂತೆ, "ನಾನ ಬ್ಯಾಡ ಅಂದೆ" ಎಂದು ಇನ್ನೊಮ್ಮೆ ಅಂದಳು. ಎದ್ದು ಒಳಗೆ ಹೋದಳು. ದನದ ಕಡೆಯ ಬಾಗಿಲು ತೆರೆದ ಸದ್ದು ಕೇಳಿಸಿತು.

ಮಗನನ್ನು ಅವಳು ಹೇಗೆ ಒಪ್ಪಿಸಿದಳೋ ಗೊತ್ತಿಲ್ಲ. ಹುಡುಗಿ ಪರೀಕ್ಷೆಗೆ ಕೂಡಬಹುದು ಎಂಬ ಮಾತು ಬಂತು. ಲಗ್ನ ನಿಲ್ಲುವುದಿಲ್ಲ. ಆಯಿ ಜೊತೆಗೆ ಹೋಗಬೇಕು. ಕಡೀಗಾದ ದಿನ ಹುಡುಗಿ ಪುಸ್ತಕ ಮುಟ್ಟಬಾರದು, ಹೊರಗೆ ಕಾಲಿಡಬಾರದು. ತಂದೆ ಆಯಿಯಿಂದ ಮಾತು ತೆಗೆದುಕೊಂಡಿದ್ದ. ನಾನು ಮನೆಗೇ ಹೋಗಿ ಓದಿಸಿದೆ. ಹುಡುಗಿ ಲೆಕ್ಕ ಮಾಡುತ್ತಿದ್ದಳು, ಉತ್ತರ ಸರಿ ಇರುತ್ತಿತ್ತು. ಒಮ್ಮೆಯೂ ನಗಲಿಲ್ಲ. ಒರತೆಯ ನೀರಿನ ವಿಷಯ ಹೇಳಿದರೆ, "ಹೌದ್ರಿ" ಎನ್ನುತ್ತಿದ್ದಳು, ಪರೀಕ್ಷೆಗೆ ಉತ್ತರ ಬಾಯಿಪಾಠ ಮಾಡಿದ ಹಾಗೆ.

ನಮಗೆ ಪರೀಕ್ಷೆಯ ಕೇಂದ್ರ ಬಸವನ ಬಾಗೇವಾಡಿ. ಹುಡುಗರನ್ನೆಲ್ಲ ಒಂದು ಮಠದ ಅಂಗಳದಲ್ಲಿ ಇಳಿಸಿ, ಹುಡುಗಿಗೂ ಆಯಿಗೂ ಹತ್ತಿರದಲ್ಲೇ ಒಂದು ಖೋಲಿ ಹಿಡಿದೆ. ಕನ್ನಡ, ಗಣಿತ ಮುಗಿದವು. ವಿಜ್ಞಾನದ ದಿನ ಮುಂಜಾನೆ ಕರೆಯಲು ಹೋದರೆ ಆಯಿ ಹೊಸ್ತಿಲ ಮೇಲೆ ಅಡ್ಡ ಕೂತಿದ್ದಳು. ಒಳಗೆ ಹುಡುಗಿ ಗೋಡೆಯ ಕಡೆ ಮುಖ ಮಾಡಿದ್ದಳು. ಹಾಲ್ ಟಿಕೀಟು ಚಾಪೆಯ ಮೇಲೆ ದೂರ ಬಿದ್ದಿತ್ತು.

"ಕಡೀಗಾಗ್ಯಾಳ," ಅಂದಳು ಆಯಿ.

ಹೇಳಬೇಕಾದದ್ದನ್ನೆಲ್ಲ ತಿಂಗಳುಗಟ್ಟಲೆ ಹೇಳಿಯಾಗಿತ್ತು. ರಸ್ತೆಯಲ್ಲಿ ಹುಡುಗರು ಮಸಿಯ ದೌತಿ ಹಿಡಿದು ಹೋಗುತ್ತಿದ್ದರು.

"ನಾ ಒಲ್ಲೆ ಆಯಿ," ಅಂದಳು ಹುಡುಗಿ ಒಳಗಿನಿಂದ. "ಮತ್ತ ಏನರೆ ಆಗತೈತಿ."

ಆಯಿ ಗೋಡೆ ಹಿಡಿದು ಎದ್ದಳು. ಒಳಗೆ ಹೋಗಿ ಹಾಲ್ ಟಿಕೀಟು ಎತ್ತಿ ಮೊಮ್ಮಗಳ ಕೈಯಲ್ಲಿಟ್ಟು, ಬೆರಳು ಮಡಚಿದಳು. ಆ ಕೈಯನ್ನು ತನ್ನ ಎರಡೂ ಕೈಯಿಂದ ಹಿಡಿದುಕೊಂಡಳು.

"ನಾನೂ ಮುಟ್ಟೇನಿ ನೋಡು. ಆಗೂದಿದ್ರ ನನಗ ಆಗ್ಲಿ. ನಿಮ್ಮಪ್ಪಗ ನಾ ಹೇಳತೇನಿ. ನಡಿ."

ಗೇಟಿನ ತನಕ ಆಯಿಯೇ ನಡೆಸಿಕೊಂಡು ಹೋದಳು. ಪೇಪರು ಮುಗಿಯುವ ತನಕ ಬೇವಿನ ನೆರಳಲ್ಲಿ ಕೂತಳು. ಕುಡಿಯಲು ನೀರು ಕೊಟ್ಟರೆ ಒಲ್ಲೆ ಅಂದಳು.

ಪರೀಕ್ಷೆ ಮುಗಿದ ತಿಂಗಳೊಪ್ಪತ್ತಿಗೆ ಲಗ್ನವಾಯಿತು. ಇಂಡಿ ಕಡೆ ಕಳಿಸಿಕೊಟ್ಟರು. ಫಲಿತಾಂಶ ಬಂದಾಗ ಅವಳು ಊರಲ್ಲಿರಲಿಲ್ಲ. ಪಾಸಾಗಿದ್ದಳು, ಒಳ್ಳೆಯ ಅಂಕಗಳಿಂದಲೇ. ಆ ಶಾಲೆಯಿಂದ ಎಸ್.ಎಸ್.ಎಲ್.ಸಿ. ದಾಟಿದ ಮೊದಲ ಹುಡುಗಿ. ಹೆಡ್‌ಮಾಸ್ತರು ಪ್ರಾರ್ಥನೆಯ ಹೊತ್ತಿಗೆ ಹೆಸರು ಓದಿದರು. ಹುಡುಗಿಯರ ಸಾಲಿನಿಂದ ಚಪ್ಪಾಳೆ ಬರಲಿಲ್ಲ. ಆ ವರ್ಷ ಶಾಲೆಯಲ್ಲಿ ಹುಡುಗಿಯರೆಂದರೆ ಎಂಟನೆಯದರಲ್ಲಿದ್ದ ಕೆಲವರೇ.

ಮಳೆಗಾಲದ ಕೊನೆಗೆ ಸರ್ಟಿಫಿಕೇಟು ಬಂತು. ಆಯಿ ಒಯ್ಯಲು ಬಂದಳು. ಮರುದಿನ ಇಂಡಿಯ ಬಸ್ಸು ಹಿಡಿದು ಮೊಮ್ಮಗಳ ಹತ್ತಿರ ಹೋಗುವವಳಿದ್ದಳು. ಅಲ್ಲಿ ನೆಗೆಣ್ಣಿಗೆ ಕೂಸು ಹುಟ್ಟಿದೆ, ಇವಳು ಅದನ್ನು ಎತ್ತಿಕೊಳ್ಳುವುದಿಲ್ಲ, ಅತ್ತರೂ ದೂರ ನಿಂತು ನೋಡುತ್ತಾಳೆ ಎಂದು ಹೇಳಿದಳು. ಹೆಡ್‌ಮಾಸ್ತರು ರಜಿಸ್ಟರಿನಲ್ಲಿ ಹೆಬ್ಬೆಟ್ಟು ಹಾಕಿಸಿಕೊಂಡು, "ನೀವ ಕೊಡ್ರಿ ಅಕ್ಕೋರ" ಅಂದರು.

ಕೊಟ್ಟೆ. ಆಯಿ ಸೆರಗಿಗೆ ಕೈ ಒರೆಸಿಕೊಂಡು ಹಿಡಿದಳು. ಏನ ಬರದಾರ ಓದ್ರಿ ಅಂದಳು. ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಖು, ಒಂದೊಂದೇ ವಿಷಯ, ಅದರ ಅಂಕ ಎಲ್ಲ ಬೆರಳಿಟ್ಟು ಓದಿದೆ. ವಿಜ್ಞಾನದ್ದನ್ನು ಎರಡು ಸಲ ಓದಿದೆ. ಕೊನೆಯ ಸಾಲಿನ ತನಕ ಕೇಳಿ, ಮುಂದೆ ಇನ್ನೂ ಇದೆಯೇನೋ ಎಂಬಂತೆ ಕಾಗದದ ಕಡೆಯೇ ನೋಡಿದಳು.

"ಕೂಸಿನ್ನ ಆಕಿ ಕೊಂದಿಲ್ಲ ಅನ್ನೂದು ಎಲ್ಲಿ ಬರದಾರ, ಅಲ್ಲಿ ಒಂದ ಬೆರಳ ಇಟ್ಟ ತೋರಸ್ರಿ ಅಕ್ಕೋರ. ನನಗ ಓದಾಕ ಬರೂದಿಲ್ಲ. ಆಕಿಗೆ ತೋರಿಸಬೇಕು."